ಕಾಲೇಜಿಗೊಂದು ಲ್ಯಾಪ್‌ಟಾಪ್: ನಾಲ್ಕು ವರ್ಷದ ಓದಿಗೂ ಬಳ್ಳಾರಿಯ ಬಿಸಿಲಿಗೂ ತಾಳುವಂಥದ್ದು ಯಾವುದು?

ಬಳ್ಳಾರಿ: ಸಿಇಟಿ ಸೀಟು ಹಂಚಿಕೆ ಒಂದು ಹಂತಕ್ಕೆ ಬಂದು ಕಾಲೇಜುಗಳ ಬಾಗಿಲು ತೆರೆಯುವ ಹೊತ್ತಿಗೆ, ನಗರದ ಪಾರ್ವತಿನಗರದ ಎಲೆಕ್ಟ್ರಾನಿಕ್ಸ್ ಮಳಿಗೆಗಳಲ್ಲಿ ಪ್ರತಿ ವರ್ಷವೂ ಒಂದೇ ಬಗೆಯ ದೃಶ್ಯ ಕಾಣಸಿಗುತ್ತದೆ. ಸಿರುಗುಪ್ಪದ ಭತ್ತದ ಗದ್ದೆಯಿಂದಲೋ, ಕುರುಗೋಡಿನ ಮೆಣಸಿನಕಾಯಿ ಹೊಲದಿಂದಲೋ, ನಗರದ ಜೀನ್ಸ್ ಹೊಲಿಗೆ ಘಟಕದಿಂದಲೋ ಬಂದ ತಂದೆ ಒಂದು ಕಡೆ. ಆಗಷ್ಟೇ ಕಾಲೇಜು ಸೇರಿದ ಮಗ ಅಥವಾ ಮಗಳು ಇನ್ನೊಂದು ಕಡೆ. ಎದುರಿಗೆ ಸಾಲಾಗಿ ತೆರೆದಿಟ್ಟ ಲ್ಯಾಪ್‌ಟಾಪ್‌ಗಳು. ತಂದೆಯ ಪ್ರಶ್ನೆ ಬೆಲೆಯದು, ಮಕ್ಕಳ ಪ್ರಶ್ನೆ ಬ್ರ್ಯಾಂಡಿನದು, ಮಾರಾಟಗಾರನ ಉತ್ತರ ಕಂತಿನದು. ಈ ಯಂತ್ರ ಯಾವ ಓದಿಗೆ ಬೇಕು, ಎಷ್ಟು ವರ್ಷ ಬಾಳಬೇಕು ಎಂಬ ಪ್ರಶ್ನೆ ಮಾತ್ರ ಕೇಳಿಬರುವುದು ಅಪರೂಪ.

ಕೂಲಿ, ಕೃಷಿ, ಸಣ್ಣ ವ್ಯಾಪಾರಗಳನ್ನು ನಂಬಿದ ಕುಟುಂಬಕ್ಕೆ ಲ್ಯಾಪ್‌ಟಾಪ್ ಎಂದರೆ ಒಂದು ಬೆಳೆಯ ಉಳಿತಾಯ, ಇಲ್ಲವೇ ಒಂದು ವರ್ಷದ ಕಂತು. ಮೂರನೆಯ ಸೆಮಿಸ್ಟರಿಗೇ ಅದು ಕೈಕೊಟ್ಟರೆ ಎರಡನೆಯದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದಕಾರಣ ಅತ್ಯಂತ ವೇಗದ ಯಂತ್ರವನ್ನೋ ಅತ್ಯಂತ ಅಗ್ಗದ ಯಂತ್ರವನ್ನೋ ಹುಡುಕುವುದಕ್ಕಿಂತ, ಓದು ಮುಗಿಯುವವರೆಗೆ ಜೊತೆಗಿರುವ ಯಂತ್ರವನ್ನು ಗುರುತಿಸುವುದು ಮುಖ್ಯ. ಅದಕ್ಕೆ ನೆರವಾಗುವ ವಿವರಗಳು ಇಲ್ಲಿವೆ.

ಮೊದಲು ಕೋರ್ಸು, ಆಮೇಲೆ ಯಂತ್ರ

ಸೀಟು ಹಾಗೂ ಶಾಖೆ ಖಚಿತವಾಗುವ ಮುನ್ನವೇ ಲ್ಯಾಪ್‌ಟಾಪ್ ಖರೀದಿಸುವುದು ಸಾಮಾನ್ಯವಾಗಿ ನಡೆಯುವ ಮೊದಲ ತಪ್ಪು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯಲ್ಲಿ ಸುತ್ತಿನಿಂದ ಸುತ್ತಿಗೆ ಶಾಖೆ ಬದಲಾಗುವುದುಂಟು. ಸಿವಿಲ್ ಓದುವವರಿಗೆ ಬೇಕಾದ ಯಂತ್ರ ಬೇರೆ, ಬಿ.ಕಾಂ. ಓದುವವರಿಗೆ ಬೇಕಾದದ್ದು ಬೇರೆ.

ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಶಿಕ್ಷಣಕ್ಕೆ 1980ರಲ್ಲಿ ಆರಂಭವಾದ, ಈಗ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಅವರ ಹೆಸರಿನಲ್ಲಿರುವ ಕಾಲೇಜು ಹಾಗೂ 1997ರಲ್ಲಿ ಆರಂಭವಾದ ಬಿಐಟಿಎಂ ಇವೆ. ಪದವಿ ಶಿಕ್ಷಣಕ್ಕೆ ಹಳೆಯ ವೀರಶೈವ ಕಾಲೇಜಿನಿಂದ ಹಿಡಿದು ಸರಕಾರಿ ಪ್ರಥಮ ದರ್ಜೆ ಕಾಲೇಜುಗಳವರೆಗೆ ಹಲವು ಸಂಸ್ಥೆಗಳಿವೆ. 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇಲ್ಲಿಯೇ ಇದೆ. ಇವುಗಳ ವಿದ್ಯಾರ್ಥಿಗಳನ್ನು ಲ್ಯಾಪ್‌ಟಾಪ್ ಅಗತ್ಯದ ದೃಷ್ಟಿಯಿಂದ ಸ್ಥೂಲವಾಗಿ ನಾಲ್ಕು ಗುಂಪುಗಳಾಗಿ ವಿಂಗಡಿಸಬಹುದು.

ಬಿ.ಎ., ಬಿ.ಕಾಂ., ಬಿಬಿಎ, ಬಿ.ಎಡ್. ವಿದ್ಯಾರ್ಥಿಗಳ ಕೆಲಸ ಬರವಣಿಗೆ, ಲೆಕ್ಕದ ಹಾಳೆ, ಪಾಠದ ವಿಡಿಯೊ, ಅಂತರ್ಜಾಲ ಹುಡುಕಾಟ. ಇವರಿಗೆ ಮಧ್ಯಮ ಸಾಮರ್ಥ್ಯದ ಯಂತ್ರವೇ ಧಾರಾಳ. ವಾಣಿಜ್ಯ ವಿದ್ಯಾರ್ಥಿಗಳು ಒಂದು ಅಂಶವನ್ನು ಗಮನಿಸಬೇಕು: ಟ್ಯಾಲಿ ಪ್ರೈಮ್ ತಂತ್ರಾಂಶ ವಿಂಡೋಸ್‌ಗೆಂದು ತಯಾರಾದದ್ದು. ಹೀಗಾಗಿ ಮ್ಯಾಕ್‌ಬುಕ್ ಅಥವಾ ಕ್ರೋಮ್‌ಬುಕ್ ಕೊಂಡವರು ಅನಂತರ ಪರದಾಡಬೇಕಾಗುತ್ತದೆ.

ಬಿಸಿಎ, ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಪ್ರೋಗ್ರಾಂ ಬರೆದು ಓಡಿಸುತ್ತಾರೆ, ದತ್ತಾಂಶ ನೆಲೆಗಳನ್ನು ಬಳಸುತ್ತಾರೆ, ಒಂದೇ ಯಂತ್ರದಲ್ಲಿ ಎರಡು ಕಾರ್ಯಾಚರಣೆ ವ್ಯವಸ್ಥೆಗಳನ್ನು ನಡೆಸುತ್ತಾರೆ. ಇವರಿಗೆ ಮೆಮೊರಿ ಹೆಚ್ಚು ಬೇಕು. ಕೃತಕ ಬುದ್ಧಿಮತ್ತೆ ಶಾಖೆಗೆ ಸೇರಿದ ಮಾತ್ರಕ್ಕೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕೆಂಬ ಮಾತು ಪೂರ್ಣ ಸತ್ಯವಲ್ಲ. ಗೂಗಲ್ ಕೊಲ್ಯಾಬ್‌ನಂಥ ಸೇವೆಗಳು ಬ್ರೌಸರ್‌ನಲ್ಲಿಯೇ, ಮಿತಿಗೊಳಪಟ್ಟು ಉಚಿತವಾಗಿ, ಗ್ರಾಫಿಕ್ಸ್ ಪ್ರೊಸೆಸರ್ ಬಳಕೆಗೆ ಅವಕಾಶ ನೀಡುತ್ತವೆ. ಕಲಿಕೆಯ ಹಂತದ ಬಹುತೇಕ ಪ್ರಯೋಗಗಳಿಗೆ ಅದು ಸಾಕಾಗುತ್ತದೆ.

ಸಿವಿಲ್, ಮೆಕ್ಯಾನಿಕಲ್, ವಾಸ್ತುಶಿಲ್ಪ ವಿದ್ಯಾರ್ಥಿಗಳದು ಮೂರನೆಯ ಗುಂಪು. ಸಾಲಿಡ್‌ವರ್ಕ್ಸ್, ರೆವಿಟ್, ಆನ್ಸಿಸ್ ಮುಂತಾದ ಭಾರಿ ತಂತ್ರಾಂಶಗಳು ಇವರ ಓದಿನ ಭಾಗ. ಮೂರು ಆಯಾಮದ ಚಿತ್ರಗಳನ್ನು ತಿರುಗಿಸಿ ನೋಡಲು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ನೆರವಾಗುತ್ತದೆ. ನಿಜವಾಗಿ ಹೆಚ್ಚು ಹಣ ಹಾಕಬೇಕಾದವರು ಈ ಗುಂಪಿನವರೇ. ಇವರಿಗೂ ವಿಂಡೋಸ್ ಅನಿವಾರ್ಯವೆನ್ನಬಹುದು.

ವೈದ್ಯಕೀಯ, ನರ್ಸಿಂಗ್, ಔಷಧ ವಿಜ್ಞಾನದ ವಿದ್ಯಾರ್ಥಿಗಳು ನಾಲ್ಕನೆಯ ಗುಂಪು. ಇವರ ಓದಿನ ಬಹುಪಾಲು ಪಿಡಿಎಫ್ ಪುಸ್ತಕ ಹಾಗೂ ವಿಡಿಯೊ ಉಪನ್ಯಾಸಗಳಲ್ಲಿದೆ. ಕಣ್ಣಿಗೆ ಹಿತವಾದ ಪರದೆ, ಕಡಿಮೆ ತೂಕ, ಹೆಚ್ಚು ಹೊತ್ತು ನಿಲ್ಲುವ ಬ್ಯಾಟರಿ ಇವರ ಆದ್ಯತೆಗಳಾಗಬೇಕು.

ಕಾಲೇಜಿನ ಹಿರಿಯ ವಿದ್ಯಾರ್ಥಿಗಳನ್ನೋ ವಿಭಾಗದ ಅಧ್ಯಾಪಕರನ್ನೋ ಕಂಡು, ಮುಂದಿನ ಸೆಮಿಸ್ಟರುಗಳಲ್ಲಿ ಬಳಸುವ ತಂತ್ರಾಂಶಗಳ ಪಟ್ಟಿ ಪಡೆಯುವುದು ಅತ್ಯುತ್ತಮ ಮಾರ್ಗ. ಪ್ರತಿ ತಂತ್ರಾಂಶದ ತಯಾರಕರೂ ಅದಕ್ಕೆ ಬೇಕಾದ ಕನಿಷ್ಠ ಸಾಮರ್ಥ್ಯವನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಿರುತ್ತಾರೆ. ಆ ಪಟ್ಟಿಯೊಂದಿಗೆ ಅಂಗಡಿಗೆ ಹೋದವರು ಮಾತಿಗೆ ಮರುಳಾಗುವ ಸಂಭವ ಕಡಿಮೆ.

ಪ್ರೊಸೆಸರ್: ‘ಐ7’ ಎಂಬ ಮಾಯೆ

‘ಐ5 ಬೇಡ, ಐ7 ತೆಗೆದುಕೊಳ್ಳಿ’ ಎಂಬುದು ಮಳಿಗೆಗಳಲ್ಲಿ ಕೇಳಿಬರುವ ಸಾಮಾನ್ಯ ಸಲಹೆ. ಆದರೆ ಪ್ರೊಸೆಸರ್‌ನ ಯೋಗ್ಯತೆಯನ್ನು ಈ ಒಂದು ಅಂಕಿ ಹೇಳುವುದಿಲ್ಲ, ಅದರ ಪೀಳಿಗೆ ಹಾಗೂ ಕೊನೆಯ ಅಕ್ಷರವನ್ನೂ ಓದಬೇಕು. ಇಂಟೆಲ್‌ನ 11ನೆಯ ಪೀಳಿಗೆಯ ಕೋರ್ ಐ7-1165ಜಿ7ನಲ್ಲಿ ಇರುವುದು 4 ಕೋರ್‌ಗಳು. ಅದರ ಮುಂದಿನ ಪೀಳಿಗೆಯ ಕೋರ್ ಐ5-1235ಯುನಲ್ಲಿ 10 ಕೋರ್‌ಗಳಿವೆ, ಐ3-1215ಯುನಲ್ಲಿಯೇ 6 ಇವೆ. ಕೋರ್‌ಗಳ ಎಣಿಕೆಯೊಂದೇ ವೇಗದ ಅಳತೆಯಲ್ಲವಾದರೂ, ಹಳೆಯ ಐ7ಗಿಂತ ಹೊಸ ಐ5 ಮೇಲಾಗಿರಬಲ್ಲದು ಎಂಬುದಕ್ಕೆ ಇಷ್ಟು ಸಾಕು.

ಕೊನೆಯ ಅಕ್ಷರ ‘ಯು’ ಆಗಿದ್ದರೆ ಅದು ಕಡಿಮೆ ವಿದ್ಯುತ್ ಬಳಸಿ ಕಡಿಮೆ ಬಿಸಿಯಾಗುವ ಬಗೆ. ‘ಎಚ್’ ಇದ್ದರೆ ಹೆಚ್ಚು ಶಕ್ತಿ, ಹೆಚ್ಚು ಶಾಖ, ಕಡಿಮೆ ಬ್ಯಾಟರಿ ಅವಧಿ. ಬರವಣಿಗೆ ಹಾಗೂ ಸಾಮಾನ್ಯ ಪ್ರೋಗ್ರಾಮಿಂಗ್‌ಗೆ ‘ಯು’ ಸಾಕು. ಭಾರಿ ವಿನ್ಯಾಸ ತಂತ್ರಾಂಶ ಬಳಸುವವರಿಗೆ ಮಾತ್ರ ‘ಎಚ್’ ಬೇಕು.

ಇಂಟೆಲ್ 2023ರ ಕೊನೆಯಿಂದ ತನ್ನ ಹೊಸ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ‘ಐ’ ಅಕ್ಷರವನ್ನು ಕೈಬಿಡುತ್ತ ಬಂದಿದೆ. ಈಗ ಕೋರ್ 5, ಕೋರ್ ಅಲ್ಟ್ರಾ 5 ಎಂಬ ಹೆಸರುಗಳು ಕಾಣುತ್ತವೆ. ಇದನ್ನರಿಯದೆ ‘ಐ ಇಲ್ಲದ್ದು ನಕಲಿ’ ಎಂದು ಭಾವಿಸಬೇಕಾಗಿಲ್ಲ.

ಎಎಂಡಿಯ ರೈಜನ್ ಹೆಸರುಗಳಲ್ಲಿ ಇನ್ನಷ್ಟು ಎಚ್ಚರ ಅಗತ್ಯ. 2023ರಿಂದ ಬಂದ ನಾಲ್ಕಂಕಿಯ ಪದ್ಧತಿಯಲ್ಲಿ ಮೊದಲ ಅಂಕಿ ಮಾರುಕಟ್ಟೆಗೆ ಬಂದ ವರ್ಷವನ್ನು ಸೂಚಿಸಿದರೆ, ಮೂರನೆಯ ಅಂಕಿ ಒಳಗಿನ ವಿನ್ಯಾಸದ ಪೀಳಿಗೆಯನ್ನು ಹೇಳುತ್ತದೆ. ರೈಜನ್ 5 7520ಯು ಎಂಬುದು ಹೆಸರಿನಲ್ಲಿ 2023ರದ್ದಾದರೂ ಮೂರನೆಯ ಅಂಕಿ 2 ಆಗಿರುವುದರಿಂದ ಅದರ ಒಡಲು ಜೆನ್ 2 ಎಂಬ, 2019ರಲ್ಲಿ ಬಂದ ವಿನ್ಯಾಸದ್ದು. 7530ಯು ಜೆನ್ 3 ವಿನ್ಯಾಸದ್ದು. ಒಂದು ಅಂಕಿಯ ವ್ಯತ್ಯಾಸ, ಕೆಲಸದಲ್ಲಿ ದೊಡ್ಡ ಅಂತರ.

ತೀರಾ ಕಡಿಮೆ ಬೆಲೆಯ ಯಂತ್ರಗಳಲ್ಲಿ ಸೆಲೆರಾನ್ ಅಥವಾ ಅದರ ಸ್ಥಾನಕ್ಕೆ 2023ರಲ್ಲಿ ಬಂದ ಎನ್100ರಂಥ ಪ್ರೊಸೆಸರ್‌ಗಳಿರುತ್ತವೆ. ಟಿಪ್ಪಣಿ ಬರೆಯಲು, ವಿಡಿಯೊ ನೋಡಲು ಇವು ನಡೆಯುತ್ತವೆ. ಎಂಜಿನಿಯರಿಂಗ್ ಓದಿಗೆ ಇವು ತಕ್ಕವಲ್ಲ. ಇನ್ನು ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬ್ಯಾಟರಿ ವಿಷಯದಲ್ಲಿ ಮೆಚ್ಚುಗೆ ಪಡೆದಿವೆ. ಆದರೆ ಅವುಗಳ ಒಳರಚನೆ ಬೇರೆಯಾದ್ದರಿಂದ ಕೆಲವು ಎಂಜಿನಿಯರಿಂಗ್ ತಂತ್ರಾಂಶಗಳೂ ಹಳೆಯ ಮುದ್ರಕಗಳ ಚಾಲಕಗಳೂ ಕೆಲಸ ಮಾಡದಿರಬಹುದು. ಮೊದಲೇ ವಿಚಾರಿಸುವುದು ಒಳಿತು.

ಮೆಮೊರಿ ಮತ್ತು ಸಂಗ್ರಹ: ಹಣ ಹಾಕಬೇಕಾದ ಜಾಗ

ನಾಲ್ಕು ವರ್ಷ ಬಾಳಬೇಕಾದ ಯಂತ್ರದಲ್ಲಿ ಪ್ರೊಸೆಸರ್‌ಗಿಂತ ಮೊದಲು ಸೋಲುವುದು ಮೆಮೊರಿ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ನಿಗದಿಪಡಿಸಿದ ಕನಿಷ್ಠ ಮೆಮೊರಿ 4 ಜಿಬಿ, ಸಂಗ್ರಹ 64 ಜಿಬಿ. ಇದು ಯಂತ್ರ ಎದ್ದು ನಿಲ್ಲಲು ಬೇಕಾದಷ್ಟು, ಓಡಲು ಬೇಕಾದಷ್ಟಲ್ಲ. ಕಲಾ, ವಾಣಿಜ್ಯ ವಿದ್ಯಾರ್ಥಿಗಳಿಗೆ 8 ಜಿಬಿ ಕನಿಷ್ಠ. ಎಂಜಿನಿಯರಿಂಗ್, ಬಿಸಿಎ ವಿದ್ಯಾರ್ಥಿಗಳಿಗೆ 16 ಜಿಬಿ ಇರಬೇಕು, ಇಲ್ಲವೇ ಅಲ್ಲಿಯವರೆಗೆ ಹೆಚ್ಚಿಸುವ ಅವಕಾಶವಾದರೂ ಇರಬೇಕು.

ಮಳಿಗೆಯಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ‘ಇದರಲ್ಲಿ ರ್‍ಯಾಮ್ ಹಾಕಲು ಖಾಲಿ ಸ್ಲಾಟ್ ಇದೆಯೇ?’ ತೆಳುವಾದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಅಂಥವುಗಳಲ್ಲಿ ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಸ್ಲಾಟ್ ಇರುವ ಯಂತ್ರವನ್ನು ಆಯ್ದರೆ ಈಗ 8 ಜಿಬಿಯಲ್ಲಿ ಆರಂಭಿಸಿ, ಅನಂತರ ಅನುಕೂಲವಾದಾಗ ಹೆಚ್ಚಿಸಿಕೊಳ್ಳಬಹುದು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಆದ್ದರಿಂದ ‘ಆಮೇಲೆ ಅಗ್ಗಕ್ಕೆ ಸಿಗುತ್ತದೆ’ ಎಂಬ ಹಳೆಯ ನಂಬಿಕೆಯನ್ನು ಈಗ ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ.

ಸಂಗ್ರಹಕ್ಕೆ ಎಸ್‌ಎಸ್‌ಡಿ ಇರುವ ಯಂತ್ರವನ್ನೇ ಕೊಳ್ಳಬೇಕು. ತಿರುಗುವ ಹಾರ್ಡ್‌ಡಿಸ್ಕ್‌ಗಿಂತ ಇದು ಬಹುಪಾಲು ವೇಗ. ಒಳಗೆ ಚಲಿಸುವ ಭಾಗಗಳಿಲ್ಲದ್ದರಿಂದ ಬಸ್ಸಿನ ಕುಲುಕಾಟಕ್ಕೂ ಹೆದರಬೇಕಾಗಿಲ್ಲ. ಅಗ್ಗದ ಯಂತ್ರಗಳಲ್ಲಿ ಎಸ್‌ಎಸ್‌ಡಿಯ ಬದಲು ‘ಇಎಂಎಂಸಿ’ ಎಂದು ಬರೆದಿದ್ದರೆ ಅದು ಬೇರೆಯದೇ ವಸ್ತು, ನಿಧಾನವಾದದ್ದು ಎಂದು ತಿಳಿಯಬೇಕು. 512 ಜಿಬಿ ಎಸ್‌ಎಸ್‌ಡಿ ಹೆಚ್ಚಿನವರಿಗೆ ಸಾಕು.

ಬಿಸಿಲೂರಿನ ಲೆಕ್ಕ ಬೇರೆ

ಪ್ರಚಾರ ಪತ್ರಗಳಲ್ಲಿ ಕಾಣದ, ಆದರೆ ಬಳ್ಳಾರಿಯಲ್ಲಿ ಮರೆಯಲಾಗದ ವಿಷಯ ತಾಪಮಾನ. ಬಹುತೇಕ ತಯಾರಕರು ತಮ್ಮ ಲ್ಯಾಪ್‌ಟಾಪ್‌ಗಳನ್ನು ಸುತ್ತಲಿನ ತಾಪಮಾನ 35 ಡಿಗ್ರಿ ಸೆಲ್ಸಿಯಸ್ ಮೀರದ ಕಡೆ ಬಳಸಬೇಕೆಂದು ಕೈಪಿಡಿಯಲ್ಲಿ ಸೂಚಿಸುತ್ತಾರೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸ ಸಂಗತಿಯೇನಲ್ಲ. ತಗಡಿನ ಮನೆಗಳಲ್ಲಿ, ಮೇಲಂತಸ್ತಿನ ಹಾಸ್ಟೆಲ್ ಕೋಣೆಗಳಲ್ಲಿ ಒಳಗೂ ಅಷ್ಟೇ ಕಾವು. ಅಂದರೆ ಪರೀಕ್ಷೆಯ ದಿನಗಳಲ್ಲಿಯೇ ಯಂತ್ರ ತನ್ನ ಮಿತಿಯ ಆಚೆ ದುಡಿಯಬೇಕಾಗುತ್ತದೆ.

ಬಿಸಿಯಾದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ತೆಳುವಾದ ಒಡಲಿನಲ್ಲಿ ಬಲಿಷ್ಠ ಪ್ರೊಸೆಸರ್ ತುರುಕಿದ ಯಂತ್ರ ಬೆಂಗಳೂರಿನ ತಂಪಿನಲ್ಲಿ ತೋರುವ ವೇಗವನ್ನು ಬಳ್ಳಾರಿಯ ಮೇ ತಿಂಗಳಲ್ಲಿ ತೋರದು. ಗಾಳಿ ಹೊರಬರುವ ಕಿಂಡಿಗಳು ಸಾಕಷ್ಟಿವೆಯೇ, ತೊಡೆಯ ಮೇಲಿಟ್ಟರೆ ಕಿಂಡಿ ಮುಚ್ಚಿಹೋಗುತ್ತದೆಯೇ ಎಂಬುದನ್ನು ಅಂಗಡಿಯಲ್ಲಿಯೇ ತಿರುಗಿಸಿ ನೋಡಬೇಕು. ಫ್ಯಾನ್ ಇಲ್ಲದ ಯಂತ್ರಗಳು ಸದ್ದು ಮಾಡುವುದಿಲ್ಲ, ಧೂಳನ್ನೂ ಎಳೆದುಕೊಳ್ಳುವುದಿಲ್ಲ. ಆದರೆ ಬೇಸಿಗೆಯಲ್ಲಿ ಭಾರಿ ಕೆಲಸ ಕೊಟ್ಟರೆ ಅವು ಬೇಗ ನಿಧಾನವಾಗುತ್ತವೆ.

ಕಾವು ಬ್ಯಾಟರಿಗೆ ಇನ್ನೂ ದೊಡ್ಡ ಶತ್ರು. ಲಿಥಿಯಂ ಅಯಾನ್ ಬ್ಯಾಟರಿ ಬಿಸಿಯಲ್ಲಿ, ಅದರಲ್ಲೂ ಪೂರ್ತಿ ಚಾರ್ಜ್ ಆದ ಸ್ಥಿತಿಯಲ್ಲಿ ಬಿಸಿಯಾಗಿಯೇ ಇದ್ದರೆ, ಬೇಗ ಸೊರಗುತ್ತದೆ. ಸದಾ ಪ್ಲಗ್‌ಗೆ ಸಿಕ್ಕಿಸಿಟ್ಟು ಬಳಸುವವರು ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸುವ ಸೌಲಭ್ಯವನ್ನು ಬಳಸಿಕೊಳ್ಳಬೇಕು. ಹಲವು ತಯಾರಕರ ಯಂತ್ರಗಳಲ್ಲಿ ಇದು ಲಭ್ಯ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ, ಸ್ಕೂಟರಿನ ಡಿಕ್ಕಿಯಲ್ಲಿ ಲ್ಯಾಪ್‌ಟಾಪ್ ಬಿಟ್ಟುಹೋಗುವುದು ಸಲ್ಲದು. ಹಾಸಿಗೆಯ ಮೇಲಿಟ್ಟು ಬಳಸುವುದೂ ತಪ್ಪು. ಕೆಳಗೊಂದು ಮರದ ಹಲಗೆ ಇಟ್ಟರೂ ಗಾಳಿಯ ದಾರಿ ತೆರೆದುಕೊಳ್ಳುತ್ತದೆ.

‘10 ಗಂಟೆ ಬ್ಯಾಟರಿ’ ಎಂಬ ಜಾಹೀರಾತಿನ ಬದಲು ವ್ಯಾಟ್-ಅವರ್ ಎಂಬ ಅಂಕಿಯನ್ನು ನೋಡಬೇಕು. ಲೆಕ್ಕ ಸರಳ. 50 ವ್ಯಾಟ್-ಅವರ್ ಬ್ಯಾಟರಿಯ ಯಂತ್ರ ಗಂಟೆಗೆ ಸರಾಸರಿ 10 ವ್ಯಾಟ್-ಅವರ್ ಬಳಸಿದರೆ ಸಿಗುವುದು 5 ಗಂಟೆ. ಎರಡು ವರ್ಷಗಳ ನಂತರ ಬ್ಯಾಟರಿಯ ಸಾಮರ್ಥ್ಯ ಮುಕ್ಕಾಲಿಗೆ ಇಳಿದಿದ್ದರೆ ಅದೇ ಕೆಲಸಕ್ಕೆ ಮೂರೂಮುಕ್ಕಾಲು ಗಂಟೆ ಮಾತ್ರ. ಬೆಳಗ್ಗೆ ಸಿರುಗುಪ್ಪದಿಂದ ಬಸ್ಸು ಹಿಡಿದು ಸಂಜೆ ಮರಳುವ ವಿದ್ಯಾರ್ಥಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಧೂಳು ಬಳ್ಳಾರಿಗರಿಗೆ ಹೊಸತಲ್ಲ. ಫ್ಯಾನಿನಲ್ಲಿ ಕೂತ ಧೂಳನ್ನು ವರ್ಷಕ್ಕೊಮ್ಮೆ ತಿಳಿದವರಿಂದ ತೆಗೆಸುವುದು ಯಂತ್ರದ ಆಯುಷ್ಯ ಹೆಚ್ಚಿಸುವ ಅತಿ ಅಗ್ಗದ ಉಪಾಯ. ವಾರಂಟಿ ಅವಧಿಯಲ್ಲಿ ಮಾತ್ರ ಅಧಿಕೃತ ಸೇವಾ ಕೇಂದ್ರದಲ್ಲಿಯೇ ಮಾಡಿಸಬೇಕು.

ಪರದೆ, ತೂಕ, ಕೀಲಿಮಣೆ

ನಿತ್ಯ ಬಸ್ಸಿನಲ್ಲಿ ಓಡಾಡುವವರಿಗೆ 14 ಅಂಗುಲದ, ಒಂದೂವರೆ ಕೆ.ಜಿ. ಆಸುಪಾಸಿನ ಯಂತ್ರ ಅನುಕೂಲ. ಹಾಸ್ಟೆಲಿನಲ್ಲಿಯೇ ಇದ್ದು ನಕ್ಷೆ, ವಿನ್ಯಾಸಗಳ ಕೆಲಸ ಮಾಡುವವರಿಗೆ 15.6 ಅಂಗುಲ ಹಿತ. ಪರದೆ 1920 X 1080 ಬಿಂದುಗಳದ್ದಾಗಿರಲಿ, ಐಪಿಎಸ್ ಬಗೆಯದ್ದಾಗಿರಲಿ. ಓರೆಯಿಂದ ನೋಡಿದಾಗ ಬಣ್ಣ ಮಸುಕಾದರೆ ಅದು ಅಗ್ಗದ ಟಿಎನ್ ಪರದೆ. ಹೊಳೆಯುವ ಪರದೆಗಿಂತ ಹೊಳಪಿಲ್ಲದ ಪರದೆ ಬೆಳಕಿನ ಕೋಣೆಯಲ್ಲಿ ಕಣ್ಣಿಗೆ ಆಯಾಸ ಕೊಡುವುದು ಕಡಿಮೆ.

ಕೀಲಿಮಣೆಯನ್ನು ಒತ್ತಿ ನೋಡಬೇಕು. ಮುಚ್ಚಳವನ್ನು ನಾಲ್ಕಾರು ಬಾರಿ ತೆರೆದು ಮುಚ್ಚಿ ಹಿಂಜ್ ಬಿಗಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಪ್ರೊಜೆಕ್ಟರಿಗೆ ಜೋಡಿಸಲು ಎಚ್‌ಡಿಎಂಐ, ಪೆನ್‌ಡ್ರೈವಿಗೆ ಸಾಮಾನ್ಯ ಯುಎಸ್‌ಬಿ ಕಿಂಡಿಗಳು ಇವೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವ ಯಂತ್ರವಾದರೆ, ಮೂಲ ಚಾರ್ಜರ್ ಕೆಟ್ಟಾಗ ತಕ್ಕ ಸಾಮರ್ಥ್ಯದ ಬೇರೊಂದು ಚಾರ್ಜರ್ ಸುಲಭವಾಗಿ ದೊರೆಯುತ್ತದೆ.

ತಂತ್ರಾಂಶ: ಕೊಳ್ಳದೆಯೂ ಪಡೆಯಬಹುದು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಈಗ ಕೊಳ್ಳುವ ಯಂತ್ರದಲ್ಲಿ ವಿಂಡೋಸ್ 11 ಅಧಿಕೃತ ಪರವಾನಗಿಯೊಂದಿಗೆ ಇರಬೇಕು. ‘ಡಾಸ್’ ಎಂದು ನಮೂದಿಸಿದ ಯಂತ್ರ ಕಡಿಮೆ ಬೆಲೆಗೆ ಸಿಗುವುದು ಅದರಲ್ಲಿ ವಿಂಡೋಸ್ ಇಲ್ಲದ ಕಾರಣ. ಉಬುಂಟುವಿನಂಥ ಉಚಿತ ಲಿನಕ್ಸ್ ಬಳಸಲು ಸಿದ್ಧರಿರುವ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಅದು ಲಾಭವೇ. ಉಳಿದವರು ನಕಲಿ ವಿಂಡೋಸ್ ಹಾಕಿಸಿಕೊಂಡು ವೈರಸ್‌ಗೆ ಬಾಗಿಲು ತೆರೆಯುವುದು ಜಾಣತನವಲ್ಲ.

ಆಟೊಕ್ಯಾಡ್ ತಯಾರಿಸುವ ಆಟೊಡೆಸ್ಕ್ ಅರ್ಹ ವಿದ್ಯಾರ್ಥಿಗಳಿಗೆ ತನ್ನ ತಂತ್ರಾಂಶಗಳನ್ನು ಒಂದು ವರ್ಷದ, ನವೀಕರಿಸಬಹುದಾದ ಉಚಿತ ಪರವಾನಗಿಯಲ್ಲಿ ನೀಡುತ್ತದೆ. ಕಾಲೇಜು ನೀಡಿದ ಇ-ಮೇಲ್ ವಿಳಾಸವಿದ್ದು, ಸಂಸ್ಥೆ ನೋಂದಾಯಿತವಾಗಿದ್ದರೆ ಮೈಕ್ರೋಸಾಫ್ಟ್ ಆಫೀಸಿನ ಅಂತರ್ಜಾಲ ಆವೃತ್ತಿ ಉಚಿತ. ಅದಿಲ್ಲದವರಿಗೆ ಲಿಬ್ರೆ ಆಫೀಸ್ ಇದೆ. ಮ್ಯಾಟ್‌ಲ್ಯಾಬ್‌ನ ಕೆಲಸದ ಬಹುಭಾಗವನ್ನು ಸೈಲ್ಯಾಬ್, ಆಕ್ಟೇವ್ ಎಂಬ ಮುಕ್ತ ತಂತ್ರಾಂಶಗಳಲ್ಲಿ ಮಾಡಬಹುದು.

ಕನ್ನಡದಲ್ಲಿ ಪ್ರಬಂಧ, ಟಿಪ್ಪಣಿ ಬರೆಯುವವರು ಅದಕ್ಕಾಗಿ ಹಣ ತೆರಬೇಕಾಗಿಲ್ಲ. ವಿಂಡೋಸ್‌ನಲ್ಲಿಯೇ ಕನ್ನಡ ಅಕ್ಷರ ಶೈಲಿಗಳೂ ಕೀಲಿಮಣೆಗಳೂ ಅಡಕವಾಗಿವೆ. ಉಚ್ಚಾರಣೆಯಂತೆ ಟೈಪಿಸುವ ಕೀಲಿಮಣೆ 2019ರಲ್ಲಿ ಸೇರ್ಪಡೆಯಾಯಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಉಚಿತ. ಯುನಿಕೋಡ್‌ನಲ್ಲಿ ಬರೆದ ಕಡತ ಯಾವ ಯಂತ್ರದಲ್ಲಿಯೂ ತೆರೆದುಕೊಳ್ಳುವುದರಿಂದ ಆ ಅಭ್ಯಾಸವನ್ನು ಮೊದಲ ವರ್ಷವೇ ಮಾಡಿಕೊಳ್ಳುವುದು ಲೇಸು.

ಬಳಸಿದ ಯಂತ್ರ ಕೊಳ್ಳಬಹುದೇ?

ಬೆಂಗಳೂರಿನ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ವಿಲೇವಾರಿ ಮಾಡಿದ ಲ್ಯಾಪ್‌ಟಾಪ್‌ಗಳು ದುರಸ್ತಿಯಾಗಿ ಮಾರಾಟಕ್ಕೆ ಬರುತ್ತವೆ. ಕಚೇರಿಗೆಂದು ತಯಾರಾದ ಇವುಗಳ ಕಟ್ಟುಮಸ್ತು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಹೊಸ ಅಗ್ಗದ ಯಂತ್ರಕ್ಕಿಂತ ಇವು ಮೇಲು ಎನಿಸುವ ಸಂದರ್ಭಗಳೂ ಇವೆ. ಆದರೆ ಮೂರು ಷರತ್ತುಗಳನ್ನು ಮರೆಯಬಾರದು.

ಮೊದಲನೆಯದು, ಪ್ರೊಸೆಸರ್ ಇಂಟೆಲ್‌ನ 8ನೆಯ ಪೀಳಿಗೆ ಅಥವಾ ರೈಜನ್ 3000 ಸರಣಿಗಿಂತ ಹಳೆಯದಾಗಿರಬಾರದು. ಅದಕ್ಕಿಂತ ಹಳೆಯ ಯಂತ್ರಗಳಿಗೆ ಅಧಿಕೃತವಾಗಿ ವಿಂಡೋಸ್ 11 ಇಲ್ಲ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೂಡ ಇರಲೇಬೇಕು. ಎರಡನೆಯದು, ಬ್ಯಾಟರಿಯ ವರದಿ. ವಿಂಡೋಸ್‌ನ ಬ್ಯಾಟರಿ ವರದಿಯಲ್ಲಿ ತಯಾರಾದಾಗಿನ ಸಾಮರ್ಥ್ಯ ಹಾಗೂ ಈಗಿನ ಪೂರ್ಣ ಸಾಮರ್ಥ್ಯ ಎರಡೂ ಇರುತ್ತವೆ. ಎರಡನೆಯದು ಮೊದಲನೆಯದರ ಅರ್ಧಕ್ಕಿಳಿದಿದ್ದರೆ ಹೊಸ ಬ್ಯಾಟರಿಯ ಖರ್ಚನ್ನೂ ಬೆಲೆಗೆ ಸೇರಿಸಿ ಯೋಚಿಸಬೇಕು. ಮೂರನೆಯದು, ರಸೀದಿ ಹಾಗೂ ಲಿಖಿತ ವಾರಂಟಿ. ಇವೆರಡೂ ಇಲ್ಲದ ಯಂತ್ರ ಕಳವಿನ ಮಾಲಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ಕಂತು, ಸಾಲ, ಸರಕಾರದ ನೆರವು

‘ಬಡ್ಡಿರಹಿತ ಕಂತು’ ಎಂಬ ಫಲಕ ಆಕರ್ಷಕವೇ. ಆದರೆ ಶೂನ್ಯ ಬಡ್ಡಿ ಎಂಬುದು ವಾಸ್ತವದಲ್ಲಿ ಇಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ಬಡ್ಡಿ ಸಾಮಾನ್ಯವಾಗಿ ಬೆಲೆಯಲ್ಲೋ ಸಂಸ್ಕರಣಾ ಶುಲ್ಕದಲ್ಲೋ ಕೈಬಿಟ್ಟ ರಿಯಾಯಿತಿಯಲ್ಲೋ ಅಡಗಿರುತ್ತದೆ. ಉದಾಹರಣೆಗೆ, ಕಂತಿನಲ್ಲಿ ರೂ. 48,000 ಆಗುವ ಯಂತ್ರ ನಗದಿಗೆ ರೂ. 45,500ಕ್ಕೆ ದೊರೆಯುವುದಾದರೆ ರೂ. 2,500 ಬಡ್ಡಿಯೆಂದೇ ತಿಳಿಯಬೇಕು. ‘ಇದೇ ಯಂತ್ರದ ನಗದು ಬೆಲೆ ಎಷ್ಟು?’ ಎಂಬ ಒಂದು ಪ್ರಶ್ನೆ ಎಲ್ಲವನ್ನೂ ಬಯಲು ಮಾಡುತ್ತದೆ.

ಲ್ಯಾಪ್‌ಟಾಪ್‌ಗಳ ಮೇಲೆ ಶೇ. 18ರಷ್ಟು ಜಿಎಸ್‌ಟಿ ಇದೆ. ತೆರಿಗೆ ಸೇರಿ ರೂ. 50,000 ಕೊಟ್ಟರೆ ಅದರಲ್ಲಿ ಸುಮಾರು ರೂ. 7,627 ತೆರಿಗೆಯೇ. ‘ಬಿಲ್ ಬೇಡವೆಂದರೆ ಕಡಿಮೆ ಮಾಡುತ್ತೇವೆ’ ಎಂಬ ಮಾತಿನ ಮೂಲ ಇಲ್ಲಿದೆ. ಆ ಉಳಿತಾಯಕ್ಕೆ ಒಪ್ಪಿದವರು ಮುಂದೆ ದೂರು ನೀಡಲು ಬೇಕಾದ ಪ್ರಮುಖ ದಾಖಲೆಯನ್ನೇ ಕಳೆದುಕೊಳ್ಳುತ್ತಾರೆ.

ಶಿಕ್ಷಣ ಸಾಲ ಪಡೆಯುತ್ತಿರುವವರು ಒಂದು ಅವಕಾಶವನ್ನು ಅರಿತಿರಬೇಕು. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ, ಕೋರ್ಸ್ ಪೂರೈಸಲು ಅಗತ್ಯವಿದ್ದರೆ ಕಂಪ್ಯೂಟರ್ ಖರೀದಿಯ ವೆಚ್ಚವನ್ನೂ ಸಾಲದಲ್ಲಿ ಸೇರಿಸಬಹುದು. ಅರ್ಜಿ ಸಲ್ಲಿಸುವಾಗಲೇ ಕಾಲೇಜಿನ ಪತ್ರ ಹಾಗೂ ದರಪಟ್ಟಿಯನ್ನು ಲಗತ್ತಿಸುವುದು ಸೂಕ್ತ. ಅಂಗಡಿಯ ಕಂತಿಗಿಂತ ಇದರ ಮರುಪಾವತಿ ಅವಧಿ ದೀರ್ಘವಾದದ್ದು.

ರಾಜ್ಯ ಸರಕಾರ 2020ರಲ್ಲಿ ಸರಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್‌ಗಳನ್ನೂ 2021ರಲ್ಲಿ ಟ್ಯಾಬ್ಲೆಟ್‌ಗಳನ್ನೂ ವಿತರಿಸಿತ್ತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯೂ ನೋಂದಾಯಿತ ಕಾರ್ಮಿಕರ ಮಕ್ಕಳಿಗೆ ಲ್ಯಾಪ್‌ಟಾಪ್ ನೀಡಿದ್ದುಂಟು. ಇಂಥ ಯೋಜನೆಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಕಾಲೇಜಿನ ಕಚೇರಿಯಲ್ಲಿ, ಸಮಾಜ ಕಲ್ಯಾಣ ಹಾಗೂ ಕಾರ್ಮಿಕ ಇಲಾಖೆಗಳಲ್ಲಿ ವಿಚಾರಿಸಿದ ನಂತರವೇ ಹಣ ಹೂಡುವುದು ವಿವೇಕ. ಮೊಬೈಲಿಗೆ ಬರುವ ‘ಎಲ್ಲ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್’ ಸಂದೇಶಗಳನ್ನು ಕೇಂದ್ರದ ವಾರ್ತಾ ಸಂಸ್ಥೆ ಪಿಐಬಿ ಹಲವು ಬಾರಿ ಸುಳ್ಳೆಂದು ಘೋಷಿಸಿದೆ. ಅವುಗಳಲ್ಲಿನ ಕೊಂಡಿಗಳನ್ನು ಒತ್ತಬಾರದು.

ರಸೀದಿ, ವಾರಂಟಿ, ಗ್ರಾಹಕರ ಹಕ್ಕು

ಅಂತರ್ಜಾಲದಲ್ಲಿ ಬೆಲೆ ಕಡಿಮೆ, ಅಂಗಡಿಯಲ್ಲಿ ಭರವಸೆ ಹೆಚ್ಚು ಎಂಬುದು ಸಾಮಾನ್ಯ ನಂಬಿಕೆ. ಆದರೆ ಎರಡೂ ಕಡೆ ವಾರಂಟಿ ನೀಡುವವರು ತಯಾರಕರೇ. ಆದ್ದರಿಂದ ಮೊದಲು ನೋಡಬೇಕಾದದ್ದು ಆ ಬ್ರ್ಯಾಂಡಿನ ಅಧಿಕೃತ ಸೇವಾ ಕೇಂದ್ರ ಬಳ್ಳಾರಿಯಲ್ಲಿಯೇ ಇದೆಯೇ ಅಥವಾ ಯಂತ್ರವನ್ನು ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಬೇಕೇ ಎಂಬುದನ್ನು. ‘ಆನ್‌ಸೈಟ್’ ವಾರಂಟಿಯಾದರೆ ತಂತ್ರಜ್ಞರೇ ಮನೆಗೆ ಬರುತ್ತಾರೆ. ಆ ಸೇವೆ ತಮ್ಮ ಊರಿನ ಪಿನ್‌ಕೋಡ್‌ಗೆ ಅನ್ವಯಿಸುತ್ತದೆಯೇ ಎಂದು ಸಿರುಗುಪ್ಪ, ಕುರುಗೋಡು ಕಡೆಯವರು ತಯಾರಕರ ಸಹಾಯವಾಣಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಬಿದ್ದು ಒಡೆದರೆ, ನೀರು ಚೆಲ್ಲಿದರೆ ಸಾಮಾನ್ಯ ವಾರಂಟಿ ಅನ್ವಯಿಸದು. ಅದಕ್ಕೆ ಪ್ರತ್ಯೇಕ ಆಕಸ್ಮಿಕ ಹಾನಿ ರಕ್ಷಣೆ ಬೇಕು.

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸಣ್ಣ ಊರಿನ ಗ್ರಾಹಕರಿಗೆ ದೊಡ್ಡ ಬಲ ನೀಡಿದೆ. ಮಾರಿದವರು ದೆಹಲಿಯಲ್ಲಿದ್ದರೂ ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ರೂ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಸಮಸ್ಯೆ ಉದ್ಭವಿಸಿದ ಎರಡು ವರ್ಷಗಳೊಳಗೆ ದೂರು ನೀಡಬೇಕು. ರಸೀದಿ ಕೊಡದಿರುವುದು ಈ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೋಷಪೂರಿತ ವಸ್ತುವನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಅದೇ ಸಾಲಿಗೆ ಸೇರುತ್ತದೆ. ಮೊದಲ ಹಂತದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಹಣ ಕೊಡುವ ಮುನ್ನ

1. ಸೀಟು, ಶಾಖೆ ಖಚಿತವಾಗಿದೆಯೇ? ಕೋರ್ಸಿಗೆ ಬೇಕಾದ ತಂತ್ರಾಂಶಗಳ ಪಟ್ಟಿ ಕೈಯಲ್ಲಿದೆಯೇ?

2. ಪ್ರೊಸೆಸರ್‌ನ ಪೂರ್ಣ ಸಂಖ್ಯೆಯನ್ನು ಬರೆದುಕೊಂಡು ಪರಿಶೀಲಿಸಲಾಗಿದೆಯೇ?

3. ಮೆಮೊರಿ ಎಷ್ಟು? ಹೆಚ್ಚಿಸಲು ಸ್ಲಾಟ್ ಇದೆಯೇ? ಸಂಗ್ರಹ ಎಸ್‌ಎಸ್‌ಡಿಯೇ?

4. ಬ್ಯಾಟರಿ ಎಷ್ಟು ವ್ಯಾಟ್-ಅವರ್? ಗಾಳಿಯ ಕಿಂಡಿಗಳು ಎಲ್ಲಿವೆ?

5. ಪೆಟ್ಟಿಗೆಯ ಮೇಲಿನ ಗರಿಷ್ಠ ಮಾರಾಟ ಬೆಲೆ, ತಯಾರಾದ ಅಥವಾ ಆಮದಾದ ತಿಂಗಳು ಯಾವುದು?

6. ಪೆಟ್ಟಿಗೆ, ಯಂತ್ರ, ರಸೀದಿ ಮೂರರಲ್ಲೂ ಸರಣಿ ಸಂಖ್ಯೆ ಒಂದೇ ಆಗಿದೆಯೇ? ತಯಾರಕರ ಜಾಲತಾಣದಲ್ಲಿ ವಾರಂಟಿ ಆರಂಭದ ದಿನ ಸರಿಯಾಗಿದೆಯೇ?

7. ಸೇವಾ ಕೇಂದ್ರ ಎಲ್ಲಿದೆ? ನಗದು ಬೆಲೆ ಎಷ್ಟು?

ಅಂತರ್ಜಾಲದಲ್ಲಿ ತರಿಸಿಕೊಂಡವರು ಪೆಟ್ಟಿಗೆ ತೆರೆಯುವುದನ್ನು ಆರಂಭದಿಂದ ಕೊನೆಯವರೆಗೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುವುದು ಕ್ಷೇಮ. ವಿವಾದ ಎದ್ದಾಗ ಅದೇ ಸಾಕ್ಷಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಲ್ಯಾಪ್‌ಟಾಪಿಗೂ ಸಲ್ಲುತ್ತದೆ. ಆದರೆ ಇಲ್ಲಿ ಹಾಸಿಗೆಯ ಅಳತೆ ಹಣವೊಂದೇ ಅಲ್ಲ, ಓದು ಯಾವುದು, ಊರು ಯಾವುದು, ಎಷ್ಟು ವರ್ಷ ಎಂಬುದೂ ಹೌದು. ಈ ಮೂರನ್ನೂ ಅಂಗಡಿಯ ಮೆಟ್ಟಿಲೇರುವ ಮುನ್ನ ಮನೆಯಲ್ಲಿಯೇ ಕೂತು ಒಂದು ಚೀಟಿಯಲ್ಲಿ ಬರೆದುಕೊಂಡರೆ, ಒಂದು ಬೆಳೆಯ ಹಣ ಪದವಿ ಕೈಗೆ ಬರುವವರೆಗೂ ದುಡಿಯುತ್ತದೆ.